ಜಟ್ಟಿಗೊಂಬೆ ಯಾರದು?

"ಕೇಳಿರಪ್ಪಾ ಕೇಳಿ! ಊರೂರಲ್ಲಿ ಆಡಿಸುವ ಜಟ್ಟಿಗೊಂಬೆಯ ಹಕ್ಕು ತಮ್ಮದೆನ್ನುವವರೆಲ್ಲ ಅರಮನೆಗೆ ಬರತಕ್ಕದ್ದು. ರಾಜಕುಮಾರಿ ಪದ್ಮಲೆಯವರು ಮೂರು ಒಗಟು ಕೇಳುತ್ತಾರೆ. ಬಿಡಿಸಿದವರಿಗೆ ಗೊಂಬೆಯ ಹಕ್ಕು, ತಪ್ಪಿದವರಿಗೆ ತಲೆದಂಡ!"

ಡಂಗುರದವನು ಬೀದಿ ದಾಟಿ ಹೋದರೂ ಕುಸ್ತಿಯಾಳು ಕೆಂಗ ನಿಂತಲ್ಲೇ ನಿಂತಿದ್ದ. ಗುಡ್ಡದೂರಿನಿಂದ ಪೇಟೆಗೆ ಬಂದವನು ಅವನು. ಎದುರಿನ ಕಟ್ಟೆಯ ಮೇಲೆ ಇಬ್ಬರು ದಾರ ಎಳೆದು ಎರಡು ಮರದ ಗೊಂಬೆಗಳನ್ನು ಕಾದಾಡಿಸುತ್ತಿದ್ದರು. ಒಂದು ಗೊಂಬೆಗೆ ಸೊಟ್ಟ ಮೂಗು, ಸೀಳಿದ ಹುಬ್ಬು. ಪಟ್ಟು ಹಾಕುವ ಮೊದಲು ಅದು ಎಡಹೆಗಲನ್ನು ತಗ್ಗಿಸುತ್ತಿತ್ತು, ಥೇಟ್ ಕೆಂಗನ ಹಾಗೆಯೇ. ಆಡಿಸುವವನು ದಾರ ಜಗ್ಗಿದ. ಗೊಂಬೆ ಅಂಗಾತ ಬಿತ್ತು.

"ಕೆಂಗ ಬಿದ್ದ!" ಎಂದು ಜನ ನಕ್ಕರು.

ಕಣದಲ್ಲಿ ಒಮ್ಮೆಯೂ ಬೆನ್ನಿಗೆ ಮಣ್ಣು ತಾಗಿಸಿಕೊಳ್ಳದವನಿಗೆ ಮೈಯೆಲ್ಲ ಉರಿಯಿತು. ಇದನ್ನು ಕೆತ್ತಬಲ್ಲವನು ಒಬ್ಬನೇ. ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಗೆಳೆಯ ರೇವಣ. "ದೇವಿ ಗುಡಿಯ ಬಾಗಿಲಿಗೆ ನಿನ್ನ ರೂಪ ಕೆತ್ತುತ್ತೇನೆ ಕಣೋ" ಎಂದು ಸುಗ್ಗಿ ಮುಗಿದ ಮೇಲೆ ಅವನು ಕೆಂಗನನ್ನು ಅಂಗಳದಲ್ಲಿ ನಿಲ್ಲಿಸಿಕೊಂಡಿದ್ದ. ಕೆಂಗನ ತಾಯಿ ಅವನಿಗೆ ಬಿಸಿಬಿಸಿ ರೊಟ್ಟಿ ಬಡಿಸಿದ್ದಳು.

ಕೆಂಗ ನೇರ ಅರಮನೆಗೆ ಹೋದ. ಆಸ್ಥಾನದಲ್ಲಿ ರೇವಣನೂ ಇದ್ದ, ಗೊಂಬೆಗಳನ್ನು ನಾಡಿಗೆಲ್ಲ ಹಂಚಿದ ವ್ಯಾಪಾರಿ ಮುದ್ದಯ್ಯನೂ ಇದ್ದ.

"ಗುಡಿಯ ಬಾಗಿಲಿಗೆ ಅಂದಿದ್ದೆಯಲ್ಲೋ ರೇವಣ?" ಎಂದ ಕೆಂಗ.

ರೇವಣ ತಲೆ ಎತ್ತಲಿಲ್ಲ. "ಮಾಡಿದವನು ನಾನು. ನೀನು ಸುಮ್ಮನೆ ನಿಂತಿದ್ದೆ, ಅಷ್ಟೇ."

ರಾಜಕುಮಾರಿ ಮೊದಲ ಒಗಟನ್ನು ಕೇಳಿದಳು. "ಅದು ನಿನ್ನ ಜೊತೆಗೇ ಹುಟ್ಟಿದ್ದು. ಎದುರು ಬಂದವರೆಲ್ಲ ಅದನ್ನು ನೋಡುತ್ತಾರೆ. ನೀನು ಮಾತ್ರ ಸಾಯುವ ತನಕ ನೇರವಾಗಿ ನೋಡಲಾರೆ. ಏನದು?"

"ಹಣೆಬರಹ, ತಾಯಿ!" ಎಂದ ಮುದ್ದಯ್ಯ.

"ಅದು ಎದುರು ಬಂದವರಿಗೆ ಕಾಣುವುದುಂಟೇ?" ಎಂದಳು ಅವಳು. ಭಟರು ಅವನನ್ನು ಎಳೆದು ಪಕ್ಕಕ್ಕೆ ನಿಲ್ಲಿಸಿದರು.

"ಮುಖ" ಎಂದ ರೇವಣ. ಸಭೆ ತಲೆದೂಗಿತು.

"ಸರಿ. ಎರಡನೆಯದು. ಕಳ್ಳ ಕದ್ದೊಯ್ದರೂ ಅದು ಒಡೆಯನ ಬಳಿಯೇ ಇರುತ್ತದೆ. ಆದರೂ ಒಡೆಯ ಬರಿಗೈಯಾಗುತ್ತಾನೆ."

"ವಿದ್ಯೆ!" ಎಂದ ರೇವಣ.

"ವಿದ್ಯೆ ಪರರಿಗೆ ಹೋದರೆ ಒಡೆಯ ಬರಿಗೈಯಾಗುತ್ತಾನೆಯೇ? ತಪ್ಪು."

ಭಟರು ರೇವಣನನ್ನೂ ಮುದ್ದಯ್ಯನ ಪಕ್ಕಕ್ಕೆ ನಿಲ್ಲಿಸಿದರು. ರಾಜಕುಮಾರಿ ಕೆಂಗನತ್ತ ತಿರುಗಿದಳು. "ಮೊದಲನೆಯದು ಬಯಲಾಯಿತು. ಉಳಿದೆರಡಕ್ಕೆ ನೀನು ಹೇಳುತ್ತೀಯಾ? ತಲೆ ಹೋದೀತು."

"ಹೇಳುತ್ತೇನೆ, ಅಮ್ಮಾವರೇ. ಅದು ರೂಪ. ನನ್ನ ಮೂಗು, ಹುಬ್ಬು, ಹೆಗಲು ಎಲ್ಲ ನನ್ನ ಮೈಮೇಲೇ ಇವೆ. ಆದರೆ ಬೀದಿಯಲ್ಲಿ ಯಾರೋ ದಾರ ಎಳೆದಾಗ ಬಿದ್ದವನು ನಾನು. ಏಳಲು ನನ್ನ ಕೈಯಲ್ಲಿ ಆಗಲಿಲ್ಲ."

ರಾಜಕುಮಾರಿಯ ದನಿ ಮೆತ್ತಗಾಯಿತು. "ಸರಿ. ಕೊನೆಯದು. ಹಗೆ ಎಷ್ಟು ಹೆಣಗಿದರೂ ಅದನ್ನು ಮುರಿಯಲಾರ. ಗೆಳೆಯನಿಗೆ ಮಾತ್ರ ಅದು ಸಾಧ್ಯ."

ಕೆಂಗ ರೇವಣನನ್ನೇ ನೋಡಿದ. "ನಂಬಿಕೆ" ಎಂದ. "ಹಗೆಯ ಮೇಲೆ ಅದನ್ನು ಇಟ್ಟಿರುವುದೇ ಇಲ್ಲ. ಮುರಿಯಲು ಅವನಿಗೆ ಏನು ಸಿಕ್ಕೀತು?"

"ಅದೂ ಸರಿ" ಎಂದಳು ರಾಜಕುಮಾರಿ. ಅಂದಿನಿಂದ ಆ ನಾಡಿನಲ್ಲಿ ಯಾರ ರೂಪವನ್ನೂ ಅವರ ಒಪ್ಪಿಗೆಯಿಲ್ಲದೆ ಆಟಕ್ಕೆ ಬಳಸಕೂಡದೆಂದು ಆಜ್ಞೆಯಾಯಿತು. ಗೊಂಬೆಯ ಹಕ್ಕು ಕೆಂಗನದಾಯಿತು, ಅರಮನೆಯ ಜಟ್ಟಿಯ ಪಟ್ಟವೂ ಸಿಕ್ಕಿತು. ಇನ್ನೇನು ಬೇಕೆಂದು ರಾಜಕುಮಾರಿ ಕೇಳಿದಾಗ ಅವನು ರೇವಣ, ಮುದ್ದಯ್ಯ ಇಬ್ಬರ ತಲೆಗಳನ್ನೂ ಉಳಿಸಿಕೊಡಿ ಎಂದ. ಅವಳು ಒಪ್ಪಿದಳು.

ಹೊರಬಾಗಿಲಲ್ಲಿ ರೇವಣ ಅಳುತ್ತ ಅವನ ಕೈ ಹಿಡಿದ.

"ನೀನು ಒಂದು ಮಾತು ಕೇಳಿದ್ದರೆ ಕೊಡುತ್ತಿದ್ದೆನಲ್ಲೋ" ಎಂದ ಕೆಂಗ.

"ತಪ್ಪಾಯಿತು ಕಣೋ. ಬಾ, ಒಟ್ಟಿಗೆ ಊರಿಗೆ ಹೋಗೋಣ."

ಕೆಂಗ ಮೆಲ್ಲಗೆ ಕೈ ಬಿಡಿಸಿಕೊಂಡ. "ನೀನು ಮುಂದೆ ನಡೆ" ಎಂದ. ರೇವಣ ಗುಡ್ಡದ ತಿರುವಿನಲ್ಲಿ ಮರೆಯಾಗುವವರೆಗೂ ಅಲ್ಲೇ ನಿಂತಿದ್ದು, ಆಮೇಲೆ ಇನ್ನೊಂದು ದಾರಿ ಹಿಡಿದ.