ಹಲ್ಲಿಗೆ ಕೂರದ ಕ್ಯಾಪು

"ಮದರ್, ಹಾಸ್ಟೆಲಿನ ನಿಯಮಗಳನ್ನು ವರ್ಷವರ್ಷವೂ ತಿದ್ದಿ ಚೊಕ್ಕ ಮಾಡಿದ್ದೇನೆ. ಹುಡುಗಿಯರೆಲ್ಲ ಹೊಂದಿಕೊಂಡಿದ್ದಾರೆ, ಒಬ್ಬಳನ್ನು ಬಿಟ್ಟು. ಅವಳನ್ನು ಮನೆಗೆ ಕಳುಹಿಸಿಬಿಡಲೇ?"

ಕೇಳಿದವಳು ಕಾನ್ವೆಂಟಿನ ಹಾಸ್ಟೆಲು ನೋಡಿಕೊಳ್ಳುತ್ತಿದ್ದ ಸಿಸ್ಟರ್ ಪ್ರೆಸಿಲ್ಲಾ. ಮದರ್ ಅವಳಿಗೆ ಪಾಠ ಹೇಳಿ ಬೆಳೆಸಿದವರು. ವಾರವಿಡೀ ಇದೇ ಪ್ರಶ್ನೆಯನ್ನು ಕೇಳಿ ಕೇಳಿ ಅವರಿಗೆ ಸಾಕುಸಾಕಾಗಿತ್ತು. ಕೂರು ಎಂದು ಹೇಳಿ ಕತೆ ತೆಗೆದರು.

ಒಬ್ಬ ಕಸುಬುದಾರ ಹಲ್ಲಿನ ಕ್ಯಾಪು ಮಾಡುತ್ತಿದ್ದ. ವೈದ್ಯರು ರೋಗಿಯ ಹಲ್ಲಿನ ಪ್ಲಾಸ್ಟರ್ ಅಚ್ಚನ್ನು ಕಳುಹಿಸುವರು. ಅವನು ಅದರ ಅಳತೆಗೆ ಲೋಹದ ಕ್ಯಾಪು ಮಾಡಿ, ಪಿಂಗಾಣಿ ಹಚ್ಚಿ, ಕುಲುಮೆಯಲ್ಲಿ ಸುಡುವನು.

ಒಮ್ಮೆ ಒಬ್ಬ ಹೆಂಗಸಿಗಾಗಿ ಮಾಡಿದ ಕ್ಯಾಪು ಅಚ್ಚಿನ ಮೇಲೆ ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಅವನಿಗೆ ಹೊಳಪು ಸಾಲದೆನಿಸಿತು. ಮತ್ತೆ ಸುಟ್ಟ. ಅಂಚು ಉಜ್ಜಿದ. ಇನ್ನೊಮ್ಮೆ ಸುಟ್ಟ. ಕ್ಯಾಪು ಮುತ್ತಿನಂತೆ ಹೊಳೆಯಿತು, ಆದರೆ ಅಚ್ಚಿನ ಮೇಲೆ ಕೂರಲಿಲ್ಲ. ಕಾವಿಗೆ ಅದರ ತೆಳು ಅಂಚು ಸೊಟ್ಟಗಾಗಿತ್ತು. ಅಷ್ಟು ಚೆಂದದ್ದನ್ನು ಕೆಡಿಸಲು ಅವನಿಗೆ ಮನಸ್ಸಾಗಲಿಲ್ಲ. ಅರ ತೆಗೆದುಕೊಂಡು ಅಚ್ಚನ್ನೇ ಕೆರೆದ. ಕ್ಯಾಪು ಕೂತಿತು.

ಹೆಂಗಸಿನ ಬಾಯಲ್ಲಿ ಅದು ಅಲುಗಾಡಿತು. ಕಚ್ಚಿದರೆ ನೋವು. ಹಾಗೆಯೇ ಅಂಟಿಸಿದರೆ ಸಂದಿನಲ್ಲಿ ಅನ್ನ ಸಿಕ್ಕಿ, ಉಳಿದ ಹಲ್ಲೂ ಹುಳುಕಾಗುವುದು ಖಂಡಿತ. ವೈದ್ಯರು ಅವನನ್ನು ಕರೆಸಿದರು.

"ಏನಯ್ಯಾ ಇದು? ಯಾವುದೋ ಪಾತ್ರೆಯ ಮುಚ್ಚಳ ತಂದು ಇನ್ಯಾವುದಕ್ಕೋ ಹಾಕಿದ ಹಾಗಿದೆ!"

"ಅಚ್ಚಿನ ಮೇಲೆ ನೋಡಿ ಡಾಕ್ಟ್ರೇ, ಎಷ್ಟು ಚೆನ್ನಾಗಿ ಕೂತಿದೆ! ಇವರ ಹಲ್ಲೇ ಸರಿಯಿಲ್ಲ. ಅದನ್ನೇ ಸ್ವಲ್ಪ ಉಜ್ಜಿಬಿಡಿ."

ಹೆಂಗಸು ಬಾಯಿ ಒರೆಸಿಕೊಂಡು ಕುರ್ಚಿಯಿಂದ ಎದ್ದಳು.

"ಹಾಗಾದರೆ ಆ ಅಚ್ಚಿಗೇ ಊಟ ಹಾಕಪ್ಪಾ. ನಾನು ಹೊರಟೆ."

ಅವನಿಗೆ ರೇಗಿತು. "ಇಷ್ಟು ವರ್ಷ ಒಬ್ಬರೂ ದೂರು ಹೇಳಿಲ್ಲ, ಗೊತ್ತೇನಮ್ಮಾ?"

ಮದರ್ ಅಲ್ಲಿಗೆ ಕತೆ ನಿಲ್ಲಿಸಿದರು.

ಸಿಸ್ಟರ್ ಪ್ರೆಸಿಲ್ಲಾ ಯೋಚಿಸಿದಳು. "ಒಬ್ಬರೂ ದೂರು ಹೇಳಿಲ್ಲವೆಂದರೆ ಅವನ ಕೆಲಸ ಚೆನ್ನಾಗಿಯೇ ಇತ್ತಲ್ಲವೇ, ಮದರ್?"

ಮದರ್ ಕನ್ನಡಕ ತೆಗೆದು ಹಣೆ ಒತ್ತಿಕೊಂಡರು.

"ಸುಮ್ಮನಿದ್ದವರೆಲ್ಲ ನೋವು ತಡೆದು ಇನ್ನೊಂದು ಬದಿಯ ದವಡೆಯಲ್ಲಿ ಅಗಿಯುತ್ತಿದ್ದರು ಮಗಳೇ, ನಿನ್ನ ಉಳಿದ ಹುಡುಗಿಯರ ಹಾಗೆ."