ಎಳೆ ಕೂಡಿಸುವವಳ ಸಕ್ಕರೆ ಡಬ್ಬಿ

"ಗುರುಗಳೇ, ಸಕ್ಕರೆ ಬಿಟ್ಟರೆ ಕಸುವು ಹೆಚ್ಚುತ್ತದೆ ಎಂದಿರಿ. ಬಿಟ್ಟು ಇವತ್ತಿಗೆ ನಾಲ್ಕು ದಿನ. ಇದ್ದ ಕಸುವೂ ಹೋಯಿತು. ತೋಟದಲ್ಲಿ ಒಂದು ಪಾತಿ ಅಗೆಯುವಷ್ಟರಲ್ಲಿ ಕೂತುಬಿಡುತ್ತೇನೆ. ಹೀಗೇಕೆ?" ಎಂದು ಶಿಷ್ಯ ಕೇಳಿದ. ಅವನ ಮುಖ ಸಪ್ಪಗಿತ್ತು.

ಗುರುಗಳು ನಕ್ಕು, ಕತೆ ಹೇಳಿದರು.

ನೇಕಾರರ ಊರಿನಲ್ಲಿ ಒಬ್ಬ ಹೆಂಗಸಿದ್ದಳು. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ನೂಲಿನ ಹಾಸು ಮುಗಿದಾಗ, ಅದರ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಹೊಸೆದು ಕೂಡಿಸುವುದು ಅವಳ ಕೆಲಸ. ಎಳೆ ಜಾರದಿರಲೆಂದು ಬೆರಳಿಗೆ ಬೂದಿ ಹಚ್ಚಿಕೊಂಡು ಕೂತರೆ ಮೂರು ಸಾವಿರ ಎಳೆ. ಒಂದು ಎಳೆ ಪಕ್ಕಕ್ಕೆ ಸರಿದರೂ ಸೀರೆ ಕೆಟ್ಟಿತು.

ಅವಳ ಬಳಿ ಸಕ್ಕರೆಯ ಸಣ್ಣ ಡಬ್ಬಿಯೊಂದಿತ್ತು. ದಣಿವಾದಾಗ ಒಂದು ಮುಕ್ಕು ಬಾಯಿಗೆ ಹಾಕಿಕೊಳ್ಳುವಳು. ಬೆರಳು ಓಡುತ್ತಿತ್ತು. ಇದಿಲ್ಲದಿದ್ದರೆ ತನ್ನ ಕೈ ನಡೆಯದು ಎಂದೇ ಅವಳು ನಂಬಿದ್ದಳು. ವರ್ಷ ಕಳೆದಂತೆ ಸಕ್ಕರೆ ಹೆಚ್ಚಿತು, ತಪ್ಪೂ ಹೆಚ್ಚಿತು. ಒಂದೊಂದೇ ಮನೆಯವರು ಕರೆಯುವುದನ್ನು ಬಿಟ್ಟರು. ಕೊನೆಗೆ ಒಬ್ಬ ಮುದಿ ನೇಕಾರನ ಮನೆ ಮಾತ್ರ ಉಳಿಯಿತು. ಅದೂ ತಪ್ಪಿದರೆ ತಾಯಿ ಕಲಿಸಿದ ಕಸುಬಿಗೆ ಎಳ್ಳುನೀರು ಬಿಟ್ಟ ಹಾಗೆ. ಅವಳಿಗೆ ದಿಗಿಲು. ದಿಗಿಲಾದಷ್ಟೂ ಸಕ್ಕರೆ.

ಮುದುಕ ಬೈಯಲಿಲ್ಲ. ಒಂದು ದಿನ ಅವಳ ಪಕ್ಕದಲ್ಲೇ ಕೂತ. ಅವಳು ಡಬ್ಬಿ ತೆರೆದಾಗಲೆಲ್ಲ, ಕೈ ಎಲ್ಲಿಗೆ ಬಂದಿತ್ತೋ ಅಲ್ಲಿ ಒಂದು ಕೆಂಪು ಎಳೆ ಕಟ್ಟಿದ. ಸಂಜೆ ಅವಳನ್ನು ಕರೆದ.

"ಇಲ್ನೋಡು ತಂಗಿ. ನೀ ಸಕ್ಕರಿ ತಿಂದಲ್ಲೆಲ್ಲ ಕೆಂಪು ಎಳಿ ಕಟ್ಟೀನಿ. ತಪ್ಪು ಎಲ್ಲೆಲ್ಲಿ ಆಗ್ಯಾವ, ನೀನ ಬೆರಳಿಟ್ಟು ತೋರ್ಸು."

ಅವಳು ಹುಡುಕಿದಳು. ಕೆಂಪು ಎಳೆಯಿಂದ ಮುಂದೆ ಅರ್ಧ ಗೇಣು ಚೊಕ್ಕಟ. ಆಮೇಲೆ ತಪ್ಪಿನ ಮೇಲೆ ತಪ್ಪು. ಮತ್ತೆ ಕೆಂಪು ಎಳೆ. ಈ ಅಂಚಿನಿಂದ ಆ ಅಂಚಿನವರೆಗೂ ಹಾಗೆಯೇ.

"ಸಕ್ಕರಿ ಬಿಟ್ರ ಕೈ ಏಳೂದಿಲ್ಲಣ್ಣಾ," ಎಂದಳು.

"ಹೊತ್ತಿಗೆ ಸರಿಯಾಗಿ ರೊಟ್ಟಿ, ಕಾಳು ಉಣ್ಣು. ಇನ್ನೊಂದು ಹಾಸು ಬಂದಾಗ ಕರೀತೀನಿ. ಆವಾಗ ನೋಡೂಣು."

ಸಕ್ಕರೆ ಬಿಟ್ಟ ಮೊದಲ ದಿನಗಳಲ್ಲಿ ತಲೆ ಭಾರ, ಮೈ ಭಾರ. ಕಂಡವರ ಮೇಲೆಲ್ಲ ಸಿಡುಕು. ನಾಲ್ಕನೆಯ ದಿನ ತಡೆಯಲಾರದೆ ಡಬ್ಬಿ ತೆರೆದಳು. ಕೆಂಪು ಎಳೆ ನೆನಪಾಯಿತು. ಮುಚ್ಚಿಟ್ಟಳು.

ಹನ್ನೆರಡನೆಯ ದಿನ ಮುದುಕ ಹೇಳಿಕಳಿಸಿದ. ಹೊಸ ಹಾಸಿನ ಮುಂದೆ ಕೂತಳು. ದಣಿವು ಈಗ ಬಂದೀತು, ಈಗ ಬಂದೀತು ಎಂದು ಹೆದರುತ್ತಲೇ ಹೊಸೆದಳು. ಮಧ್ಯಾಹ್ನ ಎದ್ದು ಉಂಡಳು, ಮತ್ತೆ ಕೂತಳು. ಬೆರಳು ಓಡಲಿಲ್ಲ, ನಿಲ್ಲಲೂ ಇಲ್ಲ. ಒಂದು ಎಳೆ ಹೊಸೆದು ಮುಂದಿನದಕ್ಕೆ ಕೈ ಚಾಚಿದಳು. ಎಳೆ ಇರಲಿಲ್ಲ. ಮೂರು ಸಾವಿರವೂ ಮುಗಿದಿದ್ದವು. ಹೊರಗೆ ಇನ್ನೂ ಬಿಸಿಲಿತ್ತು.

ಮುದುಕ ಅಂಚಿನಿಂದ ಅಂಚಿಗೆ ಬೆರಳಾಡಿಸಿದ. ಒಂದೂ ತಪ್ಪಿರಲಿಲ್ಲ. ಅವಳು ಬೂದಿ ಮೆತ್ತಿದ ತನ್ನ ಕೈಗಳನ್ನು ಯಾರದೋ ಕೈ ಎಂಬಂತೆ ನೋಡುತ್ತ ಕೂತಳು. ಕಣ್ಣು ತುಂಬಿ ಬಂತು.

ಶಿಷ್ಯನೂ ಬೆರಗಾಗಿ ಕೇಳಿದ: "ಹನ್ನೆರಡನೆಯ ದಿನ ಅವಳಿಗೆ ಅಷ್ಟು ಕಸುವು ಎಲ್ಲಿಂದ ಬಂತು, ಗುರುಗಳೇ?"

"ನಾಲ್ಕನೆಯ ದಿನ ಮುಚ್ಚಿಟ್ಟ ಡಬ್ಬಿಯಿಂದ," ಎಂದರು ಗುರುಗಳು.

ಶಿಷ್ಯ ಎದ್ದು, ಅರ್ಧಕ್ಕೆ ಬಿಟ್ಟ ಪಾತಿಯ ಕಡೆ ನಡೆದ.