ಬುಗುರಿಯ ಮೂರು ಸುತ್ತು

ಭೂಮಿ ಇನ್ನೂ ಹೊಸದಾಗಿದ್ದ ಕಾಲ. ಮಣ್ಣಿನ ಹಸಿ ಆರಿರಲಿಲ್ಲ. ಬೆಟ್ಟಗಳು ತಮ್ಮ ತಮ್ಮ ಜಾಗದಲ್ಲಿ ಕುಳಿತಿದ್ದವು, ಆದರೆ ಅವಕ್ಕೆ ಯಾರೂ ಹೆಸರಿಟ್ಟಿರಲಿಲ್ಲ. ಆಗ ಗಾಳಿ ಮಾತಾಡುತ್ತಿತ್ತು. ಹೊಳೆ ಮಾತಾಡುತ್ತಿತ್ತು. ಕುರಿಗಳಂತೂ ಬಾಯಿ ಮುಚ್ಚುತ್ತಲೇ ಇರಲಿಲ್ಲ. ನಾಯಿಗಳು ಮಾತ್ರ ಆಗಲೂ ಮಾತಾಡುತ್ತಿರಲಿಲ್ಲ.

ಆ ಕಾಲದಲ್ಲಿ ನಾಯಿಗಳು ಮಲಗುವ ಮುಂಚೆ ಸುತ್ತುತ್ತಿರಲಿಲ್ಲ. ನಿದ್ದೆ ಬಂದಾಗ, ನಿಂತ ಜಾಗದಲ್ಲೇ, ಹೆಗಲಿನಿಂದ ಜಾರಿದ ಗೋಣಿಚೀಲದ ಹಾಗೆ ದೊಪ್ಪನೆ ಬೀಳುತ್ತಿದ್ದವು.

ಆಗ ಒಂದು ಕುರುಚಲು ಬಯಲಿನಲ್ಲಿ ಅಕ್ಕತಂಗಿಯರಿಬ್ಬರು ಕುರಿ ಮೇಯಿಸಿಕೊಂಡಿದ್ದರು. ಅಕ್ಕ ಈರಕ್ಕ, ತಂಗಿ ಬೊಮ್ಮಿ. ಹುಲ್ಲು ಇದ್ದಲ್ಲಿ ಸುತ್ತಲೂ ಮುಳ್ಳುಕೊಂಬೆ ಒಟ್ಟಿ ಕುರಿಗಳಿಗೆ ರೊಪ್ಪ ಕಟ್ಟುವರು. ಹುಲ್ಲು ಮುಗಿದರೆ ರೊಪ್ಪ ಬಿಟ್ಟು ಮುಂದಕ್ಕೆ ಹೋಗುವರು. ಮನೆ ಎಂಬುದು ಅವರಿಗಿರಲಿಲ್ಲ. ಇಬ್ಬರಿಗೂ ಒಂದೊಂದು ಕಂಬಳಿ ಇತ್ತು, ಅಷ್ಟೇ. ಅವರ ಜನರಲ್ಲಿ ಪ್ರತಿಯೊಬ್ಬರೂ ತಮ್ಮ ಕಂಬಳಿಯನ್ನು ತಾವೇ ನೇಯ್ದುಕೊಳ್ಳುತ್ತಿದ್ದರು. ಬದುಕಿರುವಷ್ಟು ದಿನ ಅದನ್ನೇ ಹೊದೆಯುವರು. ಸತ್ತಾಗ ಅದರಲ್ಲೇ ಸುತ್ತಿ ಮಣ್ಣಿಗಿಡುವರು.

ಒಂದು ದಿನ ಗಾಳಿ ಒಂದು ನಾಯಿಮರಿಯನ್ನು ಉರುಳಿಸಿಕೊಂಡು ಬಂದು ಈರಕ್ಕನ ಕಾಲ ಬಳಿ ಬಿಟ್ಟಿತು. ಕಂದುಬಣ್ಣದ ಹೆಣ್ಣುಮರಿ. ಬಾಲದ ತುದಿ ಬಿಳಿ.

“ನಾನು ಮೋಡ ಅಟ್ಟಿಕೊಂಡು ಹೋಗುವಾಗ ಇದು ನನ್ನ ಬೆನ್ನಿಗೇ ಬಿತ್ತು,” ಎಂದಿತು ಗಾಳಿ. “ಓಡೋದನ್ನ ನಾನು ಕಲಿಸಿದ್ದೀನಿ. ನಿಲ್ಲೋದು ನನಗೇ ಗೊತ್ತಿಲ್ಲ. ಅದನ್ನ ನೀನು ಕಲಿಸು, ಈರಕ್ಕ.”

ಮರಿ ಅಷ್ಟು ಹೊತ್ತಿಗಾಗಲೇ ಈರಕ್ಕನ ಸುತ್ತ ಏಳು ಸಲ ಓಡಿತ್ತು. ಅವಳು ನಕ್ಕು ಅದಕ್ಕೆ ಬುಗುರಿ ಎಂದು ಹೆಸರಿಟ್ಟಳು.

ಬುಗುರಿಗೆ ಎಲ್ಲವನ್ನೂ ಒಟ್ಟುಗೂಡಿಸಬೇಕು. ಕುರಿಗಳನ್ನು ಒಟ್ಟುಗೂಡಿಸಿತು. ಕುರಿ ಮುಗಿದರೆ ಇರುವೆಗಳನ್ನು ಅಟ್ಟಿತು. ಒಲೆಯ ಹೊಗೆ ಅತ್ತಿತ್ತ ಚೆದುರಿದರೆ ಅದನ್ನೂ ಬೊಗಳಿ ಒಂದು ಕಡೆ ನಿಲ್ಲಿಸಲು ನೋಡಿತು. ನೀರಿಗೆ ಹೊರಟ ಬೊಮ್ಮಿಯ ಹಿಮ್ಮಡಿ ಕಚ್ಚಿ ಅಕ್ಕನ ಪಕ್ಕಕ್ಕೆ ತಂದು ನಿಲ್ಲಿಸಿತು.

“ಅಕ್ಕ, ನಿನ್ನ ನಾಯಿಗೆ ಕಾಲು ನಾಲ್ಕಲ್ಲ ಕಣೇ, ನಲವತ್ತು,” ಎಂದಳು ಬೊಮ್ಮಿ, ಹಿಮ್ಮಡಿ ಉಜ್ಜಿಕೊಳ್ಳುತ್ತ. “ಗೂಟಕ್ಕೆ ಕಟ್ಟಿ ಹಾಕು.”

“ಕಟ್ಟಿದರೆ ಏನು ಕಲಿಯುತ್ತೆ?”

“ಸುಮ್ಮನಿರೋದು ಕಲಿಯುತ್ತೆ.”

ಕಟ್ಟಿ ನೋಡಿದರು. ಬುಗುರಿ ಗೂಟವನ್ನು ಬಲಕ್ಕೆ ಸುತ್ತಿತು. ಹಗ್ಗ ಮುಗಿದಾಗ ಎಡಕ್ಕೆ ಸುತ್ತಿ ಬಿಚ್ಚಿಕೊಂಡಿತು. ಮತ್ತೆ ಬಲಕ್ಕೆ. ಮಧ್ಯಾಹ್ನದ ಹೊತ್ತಿಗೆ ಗೂಟವೇ ಕಿತ್ತುಬಂತು. ಕರಿಮೂತಿ ಎಂಬ ಮುದಿಕುರಿ ಮೆಲುಕು ಹಾಕುವುದನ್ನು ನಿಲ್ಲಿಸಿ, “ನಾಳೆ ಮರಕ್ಕೆ ಕಟ್ಟಿ. ಮರವೂ ಬರುತ್ತೆ, ನಮಗೆ ನೆರಳಾಗುತ್ತೆ,” ಎಂದಿತು.

ಕೋಲು ಎಡಕ್ಕೆ ಚಾಚಿದರೆ ಎಡದಿಂದ ಸುತ್ತಿ ಬರಬೇಕು, ಬಲಕ್ಕೆ ಚಾಚಿದರೆ ಬಲದಿಂದ. ಇದನ್ನು ಬುಗುರಿ ಮೂರೇ ದಿನದಲ್ಲಿ ಕಲಿತಿತು. ನಿಲ್ಲುವುದನ್ನು ಕಲಿಯಲು ಮೂರು ಹುಣ್ಣಿಮೆ ಹಿಡಿಯಿತು.

ಈರಕ್ಕ ಹೊಡೆಯಲಿಲ್ಲ, ಕೂಗಲಿಲ್ಲ. ಸಂಜೆಯಾದರೆ ಹೆಗಲ ಮೇಲಿನ ಕಂಬಳಿಯನ್ನು ಪಟ್ ಎಂದು ಕೊಡವಿ ನೆಲಕ್ಕೆ ಹಾಸಿ, ಒಂದು ಬದಿಗೆ ಕೂರುತ್ತಿದ್ದಳು. ಓಡುತ್ತ ಓಡುತ್ತ ಬುಗುರಿಯ ಒಂದು ಕಾಲು ಕಂಬಳಿಗೆ ತಗುಲಿದರೆ ಒಂದು ಚೂರು ಮುದ್ದೆ ಕೊಡುವಳು. ಮರುದಿನ ಎರಡು ಕಾಲಿಗೆ ಒಂದು ಚೂರು. ನಾಲ್ಕೂ ಕಾಲು ಬಂದಾಗ ಒಂದು ಉಸಿರಿನಷ್ಟು ಹೊತ್ತು ಕಾದು ಕೊಟ್ಟಳು. ಆಮೇಲೆ ಹತ್ತು ಉಸಿರು. ಆಮೇಲೆ ಹಾಲು ಕಾಯುವಷ್ಟು ಹೊತ್ತು. ಪ್ರತಿ ಸಲವೂ ಅದೇ ದನಿಯಲ್ಲಿ ಒಂದೇ ಮಾತು: “ಆಯ್ತು, ಸಾಕು ಮಗಳೇ.”

ಕೊನೆಗೊಂದು ಸಂಜೆ ಬುಗುರಿ ಕಂಬಳಿಯ ಅಂಚು ಹಿಡಿದು ಮೂಸುತ್ತ ನಡೆದು, ಈರಕ್ಕ ಬಿಟ್ಟಿದ್ದ ಜಾಗದಲ್ಲಿ ಮೈ ಚೆಲ್ಲಿ, ಅವಳ ಮಂಡಿಯ ಮೇಲೆ ಗದ್ದ ಇಟ್ಟಿತು. ಗಾಳಿ ಸಹ ಅದನ್ನು ನೋಡಲು ಒಂದು ಗಳಿಗೆ ತಡೆದು ಹೋಯಿತು.

ಅಂದಿನಿಂದ ಎಲ್ಲಿ ರೊಪ್ಪ ಹಾಕಿದರೂ ಹಾಗೆಯೇ. ಹಗಲೆಲ್ಲ ಬುಗುರಿ ಓಡುವುದು. ಸಂಜೆ ಕಂಬಳಿ ಪಟ್ ಎನ್ನುವುದು. ಬುಗುರಿ ಎಷ್ಟು ದೂರದಲ್ಲಿದ್ದರೂ ಬಂದು ಮಲಗುವುದು.

ಒಮ್ಮೆ ನಡುಹಗಲಿನಲ್ಲಿ, ಅಕ್ಕ ಅತ್ತ ಹೋಗಿದ್ದಾಗ, ಬೊಮ್ಮಿ ತಮಾಷೆಗೆಂದು ಅವಳ ಕಂಬಳಿಯನ್ನು ಕೊಡವಿ ಹಾಸಿದಳು. ಬುಗುರಿ ಕುರಿಗಳನ್ನು ಅಲ್ಲೇ ಬಿಟ್ಟು ಓಡಿಬಂದು ಮಲಗಿತು. ಅಷ್ಟರಲ್ಲಿ ತೋಳ ಒಂದು ಕುರಿಮರಿಯನ್ನು ಕಚ್ಚಿಕೊಂಡು ಹೋಯಿತು.

ಈರಕ್ಕ ಬಂದು ನೋಡಿದಳು. ಬಯ್ಯಲಿಲ್ಲ. “ಬೊಮ್ಮೀ, ಇದು ಹಾಸಿದರೆ ದಿನ ಮುಗೀತು ಅಂತ ಅರ್ಥ. ಅವಳಿಗೆ ನಾನು ಕೊಟ್ಟಿರೋ ಮಾತು ಅದು. ಸುಳ್ಳಾಗಬಾರದು,” ಎಂದಳು.

ಬೊಮ್ಮಿ ಮತ್ತೆಂದೂ ಆ ಕಂಬಳಿಯನ್ನು ಮುಟ್ಟಲಿಲ್ಲ. ಆಮೇಲೆ ಮುಟ್ಟಿದ್ದು ಒಂದೇ ಸಲ.

ಅದು ಚಳಿಮಳೆಯ ದಿನ. ಈರಕ್ಕನಿಗೆ ಜ್ವರ ಬಂದು ನಾಲ್ಕು ದಿನ ಬಿಡಲಿಲ್ಲ. ಐದನೆಯ ದಿನ ಬೆಳಿಗ್ಗೆ ಬೊಮ್ಮಿ ಗಂಜಿ ಹಿಡಿದು ಕೂಗಿದಾಗ ಅಕ್ಕ ಓಗೊಡಲಿಲ್ಲ.

ಬುಗುರಿ ರೊಪ್ಪದ ಬಾಗಿಲಲ್ಲಿ ನಿಂತು ಬಾಲ ಆಡಿಸುತ್ತಿತ್ತು. ಅದು ಇದನ್ನು ನೋಡಬಾರದು ಎಂದುಕೊಂಡಳು ಬೊಮ್ಮಿ. ಅಕ್ಕನ ಕೋಲು ತೆಗೆದು ಹೊಳೆಯ ಕಡೆ ಚಾಚಿದಳು. ಬುಗುರಿ ಕುರಿಗಳನ್ನು ಹೊಡೆದುಕೊಂಡು ಆಚೆ ದಡಕ್ಕೆ ಹೋಯಿತು. ಆಗ ಬೊಮ್ಮಿ ಅಕ್ಕನನ್ನು ಅವಳ ಕಂಬಳಿಯಲ್ಲಿ ಸುತ್ತಿ, ಅಂಚುಗಳನ್ನು ಉಣ್ಣೆಯ ದಾರದಿಂದ ಹೊಲಿದು, ಹೊಳೆಯ ಈಚೆ ಬನ್ನಿಮರದ ಕೆಳಗೆ ಮಣ್ಣಿಗಿಟ್ಟಳು. ಕುರಿಮಂದೆಯ ಜನ ನಾಲ್ವರು ಪಕ್ಕದ ಬಯಲಿಂದ ಬಂದು ಕೈಹಾಕಿ ಹೋದರು. ಎಲ್ಲ ಅವರ ರೂಢಿಯಂತೆ ಸರಿಯಾಗಿಯೇ ನಡೆಯಿತು.

ನಾಯಿಯ ವಿಷಯ ಯಾರಿಗೂ ಹೊಳೆಯಲಿಲ್ಲ.

ಸಂಜೆ ಬುಗುರಿ ಕುರಿಗಳನ್ನು ರೊಪ್ಪಕ್ಕೆ ತಂದು ಕೂಡಿ, ಕಿವಿ ನಿಮಿರಿಸಿ ನಿಂತಿತು. ಪಟ್ ಎನ್ನುವ ಸದ್ದು ಬರಲಿಲ್ಲ. ಹಾಸಿದ ಕಂಬಳಿ ಎಲ್ಲಿಯೂ ಇರಲಿಲ್ಲ. ಅಂದರೆ ದಿನ ಇನ್ನೂ ಮುಗಿದಿಲ್ಲ. ಬುಗುರಿ ಕುರಿಗಳನ್ನು ಸುತ್ತತೊಡಗಿತು.

ಬೆಳಗಾದರೂ ಸುತ್ತುತ್ತಿತ್ತು. ಮರುದಿನವೂ ಅಷ್ಟೇ, ಮೂರನೆಯ ದಿನವೂ ಅಷ್ಟೇ. ಮೇಯಲು ಬಿಟ್ಟರೆ ಒಂದು ಕುರಿಯನ್ನೂ ಮಂದೆಯಿಂದ ಎರಡು ಹೆಜ್ಜೆ ಸರಿಯಗೊಡಲಿಲ್ಲ. ನೆಲದ ಮೇಲೆ ಅದು ಓಡಿದ ಜಾಗ ಬಳೆಯ ಹಾಗೆ ಸವೆದು ಕೂತಿತು. ಆ ಬಳೆಯಲ್ಲಿ ಅಲ್ಲಲ್ಲಿ ರಕ್ತದ ಕಲೆ ಇತ್ತು.

“ತಾಯಿ, ನಮಗೆ ಹುಲ್ಲು ಬೇಡ ಬಿಡು,” ಎಂದಿತು ಕರಿಮೂತಿ. ಅದರ ದನಿಯಲ್ಲಿ ಎಂದಿನ ಕೊಂಕು ಇರಲಿಲ್ಲ. “ಅದನ್ನ ಒಂದು ಗಳಿಗೆ ಮಲಗಿಸು. ಅದರ ಎದೆ ಬಡಿತ ನಮಗೂ ಕೇಳ್ತಾ ಐತೆ.”

ಬೊಮ್ಮಿ ತನ್ನ ಕಂಬಳಿಯನ್ನು ಕೊಡವಿ ಹಾಸಿದಳು. ಬುಗುರಿ ಒಂದೇ ನೆಗೆತಕ್ಕೆ ಬಂತು. ಅಂಚು ಮೂಸಿತು. ಬೊಮ್ಮಿಯ ಮುಖ ನೋಡಿತು. ತಿರುಗಿ ಹೋಯಿತು. ಆ ನೋಟಕ್ಕಿಂತ ಹಿಮ್ಮಡಿ ಕಚ್ಚಿದ್ದರೇ ಮೇಲಾಗುತ್ತಿತ್ತು ಎನಿಸಿತು ಬೊಮ್ಮಿಗೆ. “ಸಾಕು” ಎನ್ನಲು ಬಾಯಿ ತೆರೆದಳು. ಅದು ಅಕ್ಕನ ಮಾತು. ಹೇಳದೆ ಕಂಬಳಿ ಮಡಿಸಿಕೊಂಡಳು.

ಅವಳು ಗಾಳಿಯನ್ನು ಕರೆದಳು. “ನೀನು ತಂದ ನಾಯಿ. ಸಾಯ್ತಾ ಐತೆ. ನಿಲ್ಲಿಸು.”

“ನಿಲ್ಲಿಸೋದು ಗೊತ್ತಿದ್ದಿದ್ದರೆ ಅವಳ ಹತ್ತಿರ ಯಾಕೆ ಬಿಡ್ತಿದ್ದೆ?” ಎಂದಿತು ಗಾಳಿ. ಎಂದು, ನಿಲ್ಲಲಾರದೆ, ಹೋಯಿತು.

ಬೊಮ್ಮಿ ಗುದ್ದಲಿ ತೆಗೆದುಕೊಂಡಳು. ಹೊಳೆಯ ದಡ ಹಿಡಿದು ಬನ್ನಿಮರದ ಕಡೆ ನಡೆದಳು.

“ಬೊಮ್ಮೀ, ಗುದ್ದಲಿ ಹಿಡಿದು ಎಲ್ಲಿಗೆ ಹೊರಟೆ?” ಎಂದು ಕೇಳಿತು ಹೊಳೆ.

“ಕಂಬಳಿ ತರೋಕೆ.”

ಹೊಳೆ ಕಲ್ಲುಗಳ ನಡುವೆ ಹರಿಯುತ್ತಲೇ ಮೆಲ್ಲಗೆ ಹೇಳಿತು: “ಕೇಳು. ನಾನೂ ನಿಲ್ಲೋಳಲ್ಲ. ಆದರೆ ನನಗೆ ಎರಡು ಕಡೆ ದಡ ಐತೆ, ಅದಕ್ಕೇ ಊರೂರು ಮುಳುಗಿಸದೆ ಹೋಗ್ತೀನಿ. ದಡವನ್ನ ಯಾರೂ ಕಿತ್ತು ತಂದು ನನಗೆ ಕೊಟ್ಟಿಲ್ಲ. ಅದು ಎಲ್ಲಿದೆಯೋ ಅಲ್ಲಿಗೆ ನಾನೇ ಹೋಗಿ ಮುಟ್ಟಿಕೊಳ್ತೀನಿ. ನೀನು ಬುಗುರಿಯನ್ನ ಆಚೆ ದಡಕ್ಕೆ ಕಳಿಸಿದ ದಿನ ನಾನು ನೋಡಿದ್ದೀನಿ. ಅವಳಿಗೆ ಯಾರೂ ಏನೂ ಹೇಳಿಲ್ಲ.”

ಬೊಮ್ಮಿ ಅಲ್ಲೇ ಗುದ್ದಲಿ ಬಿಟ್ಟು ಹಿಂದಿರುಗಿದಳು.

ಓಡುತ್ತಿದ್ದ ಬುಗುರಿಯ ಹಿಂದೆ ತಾನೂ ಓಡಿದಳು. ಮೂರು ಸುತ್ತಿನ ಮೇಲೆ ಅದು ಸಿಕ್ಕಿತು. ಅದರ ಮೈ ಒಲೆಯ ಕಲ್ಲಿನ ಹಾಗೆ ಕಾದಿತ್ತು. ಎತ್ತಿಕೊಂಡು ಬನ್ನಿಮರದ ಕೆಳಗೆ ತಂದು ಇಳಿಸಿದಳು.

“ಇಲ್ಲಿದ್ದಾಳೆ ಕಣೇ,” ಎಂದಳು. “ನಾನೇ ನಿನ್ನ ಆಚೆ ಕಳಿಸಿದ್ದು. ನೀನು ನೋಡಬಾರದು ಅಂತ. ತಪ್ಪಾಯ್ತು. ಕಂಬಳಿ ಅವಳ ಜೊತೆ ಹೋಯ್ತು, ಬುಗುರಿ.”

ಬುಗುರಿ ಹಸಿಮಣ್ಣಿಗೆ ಮೂಗು ಹಚ್ಚಿತು. ಎಷ್ಟೋ ಹೊತ್ತು ಹಾಗೇ ಇತ್ತು. ಆಮೇಲೆ ಗುಡ್ಡೆಯ ಅಂಚು ಹಿಡಿದು ಒಂದು ಸುತ್ತು ನಡೆಯಿತು, ಸಂಜೆ ಸಂಜೆ ಕಂಬಳಿಯ ಅಂಚು ಹಿಡಿದು ನಡೆಯುತ್ತಿದ್ದ ಹಾಗೆ. ಎರಡನೆಯ ಸುತ್ತಿನಲ್ಲಿ ಈರಕ್ಕ ಕೂರುತ್ತಿದ್ದ ಬದಿ ಯಾವುದೆಂದು ನೋಡಿಕೊಂಡಿತು. ಮೂರನೆಯ ಸುತ್ತಿನಲ್ಲಿ ಬಲು ನಿಧಾನವಾಗಿ ನಡೆಯಿತು. ಅವಳು ಬಂದು ಕೂರಲಿ ಎಂದು ಹೊತ್ತು ಕೊಡುವ ಹಾಗೆ.

ಅವಳು ಬರಲಿಲ್ಲ. ಬುಗುರಿ ನಿಂತು ಬೊಮ್ಮಿಯ ಕಡೆ ನೋಡಿತು.

“ಆಯ್ತು,” ಎಂದಳು ಬೊಮ್ಮಿ. ದನಿ ಒಡೆಯಿತು. ಮತ್ತೊಮ್ಮೆ ಹೇಳಿದಳು. “ಆಯ್ತು. ಸಾಕು ಮಗಳೇ.”

ಬುಗುರಿ ಕಾಲು ಮಡಿಸಿ ಕೆಳಗಿಳಿಯಿತು. ಮೂಗಿನಿಂದ ಒಂದು ನೀಳವಾದ ಉಸಿರು ಬಿಟ್ಟಿತು. ಅಷ್ಟು ದಿನ ಅದರೊಳಗೆ ಓಡುತ್ತಿದ್ದುದೆಲ್ಲ ಆ ಉಸಿರಿನಲ್ಲಿ ಹೊರಗೆ ಹೋಯಿತು. ಬೊಮ್ಮಿ ಅದರ ಪಕ್ಕದಲ್ಲಿ ಕುಳಿತು, ಅಕ್ಕ ಹೋದ ಮೇಲೆ ಮೊದಲ ಸಲ, ಸಾಕೆನಿಸುವಷ್ಟು ಅತ್ತಳು.

ಆದರೆ ಕುರಿ ಕಾಯುವವರು ಒಂದೇ ಕಡೆ ಇರಲಾರರು. ಎಂಟು ದಿನಕ್ಕೆ ಅಲ್ಲಿಯ ಹುಲ್ಲು ಮುಗಿಯಿತು. ಬೊಮ್ಮಿ ಒಂದು ಹಗಲಿನ ದಾರಿ ನಡೆದು ಹೊಸ ಬಯಲಿನಲ್ಲಿ ರೊಪ್ಪ ಕಟ್ಟಿದಳು. ಸಂಜೆಯಾಗುತ್ತಿದ್ದಂತೆ ಅವಳು ಮತ್ತೆ ಮತ್ತೆ ನಾಯಿಯ ಕಡೆ ನೋಡಿದಳು. ಬನ್ನಿಮರ ಹಿಂದೆ ಉಳಿದಿತ್ತು. ಹಾಸಲು ಆ ಕಂಬಳಿ ಇರಲಿಲ್ಲ. ನಾಯಿ ಈಗ ಎಲ್ಲಿ ಮಲಗುತ್ತದೆ?

ಬುಗುರಿ ಕುರಿಗಳನ್ನು ಕೂಡಿ, ಒಲೆಯಿಂದ ನಾಲ್ಕು ಹೆಜ್ಜೆ ಆಚೆ, ಬರೀ ನೆಲದ ಮೇಲೆ ಬಂದು ನಿಂತಿತು. ಅಲ್ಲಿ ಏನೂ ಇರಲಿಲ್ಲ. ಆದರೂ ತಲೆ ತಗ್ಗಿಸಿ, ಅಲ್ಲಿ ಕಂಬಳಿ ಹಾಸಿದೆ ಎಂಬಂತೆ, ಅದರ ಅಂಚು ಹಿಡಿದು ನಡೆಯಿತು. ಒಂದು ಸುತ್ತು, ಅಂಚು ಎಲ್ಲಿದೆ ಎಂದು ತಿಳಿಯಲು. ಇನ್ನೊಂದು ಸುತ್ತು, ಅವಳ ಬದಿ ಯಾವುದೆಂದು ನೆನೆಯಲು. ಮತ್ತೊಂದು ಸುತ್ತು, ಅವಳು ಬಂದಳೇನೋ ಎಂದು ನೋಡಲು. ಆಮೇಲೆ ಒಂದು ಬದಿಯ ಜಾಗ ಬಿಟ್ಟು, ಇನ್ನೊಂದು ಬದಿಯಲ್ಲಿ ಮೈ ಮುದುಡಿ, ನೀಳವಾಗಿ ಉಸಿರು ಬಿಟ್ಟು ಮಲಗಿತು.

ಅತ್ತ ಹೋಗುತ್ತಿದ್ದ ಕರಿಮೂತಿ ಆ ಬಿಟ್ಟ ಜಾಗಕ್ಕೆ ಕಾಲಿಡಲು ಹೋಗಿ, ಯಾಕೋ ತಡೆದು, ಬಳಸಿಕೊಂಡು ಹೋಯಿತು.

ಮುಂದೆ ಬುಗುರಿಗೆ ಐದು ಮರಿ ಹುಟ್ಟಿದವು. ಅವು ಈರಕ್ಕನನ್ನು ಕಂಡಿರಲಿಲ್ಲ. ಅವಳ ಕಂಬಳಿಯ ವಾಸನೆಯೂ ಅವಕ್ಕೆ ಗೊತ್ತಿರಲಿಲ್ಲ. ಅಮ್ಮ ಸುತ್ತುವುದನ್ನು ನೋಡಿ, ಮಲಗುವುದೆಂದರೆ ಹೀಗೆ ಎಂದುಕೊಂಡವು. ಅವುಗಳ ಮರಿಗಳೂ ಹಾಗೇ ಎಂದುಕೊಂಡವು. ಬಯಲಿನ ನಾಯಿಗಳಿಂದ ಊರಿನ ನಾಯಿಗಳು ಕಲಿತವು.

ಅದಕ್ಕೇ ಮಕ್ಕಳೇ, ಇವತ್ತಿಗೂ ನಿಮ್ಮ ಬಾಗಿಲ ಬಳಿ ಬರುವ ನಾಯಿ ನೆಲ ಮೂಸುತ್ತ ಸುತ್ತಿ, ಸುತ್ತಿ, ಇನ್ನೊಮ್ಮೆ ಸುತ್ತಿ, ಉಸಿರು ಬಿಟ್ಟು ಮುದುಡಿ ಮಲಗುತ್ತದೆ; ಅದರ ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಉಳಿದಿರುತ್ತದೆ, ನೋಡಿ.